ಶಟರಿನ ಹೊರಗಿದ್ದ ನೋಟಿಸು

ಕೋವಿಡ್ ಕಾಲ ಮುಗಿದು ಕೋರ್ಟುಗಳಲ್ಲಿ ಮತ್ತೆ ಮುಖಾಮುಖಿ ವಾದ ಶುರುವಾದ ವರ್ಷ. ನಾನಾಗ ಪುಣೆ ಸೀಮೆಯ ಒಂದು ಸ್ಥಳೀಯ ಸಂಸ್ಥೆಯ ಪ್ಯಾನೆಲ್ ವಕೀಲ. ಅದರ ಹೆಸರು ಇಲ್ಲಿ ಬೇಡ. ಅಧಿಕಾರಿಗಳು ಕಾನೂನು ಮೀರಿದ್ದಾರೆಂದು ಯಾರಾದರೂ ಮುಂಬಯಿಗೆ ಹೋಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರೆ, ಸಂಸ್ಥೆಯ ಪರವಾಗಿ ಎದ್ದು ನಿಲ್ಲುವುದು ನನ್ನ ಕೆಲಸ.

ಐಟಿ ಕಂಪನಿಗಳಿರುವ ಹಿಂಜವಾಡಿಗೆ ಹೋಗುವ ದಾರಿಯಲ್ಲಿ ವಿಜಯಪುರ ಕಡೆಯ ಶಾಂತವ್ವ ಎಂಬಾಕೆಯ ಖಾನಾವಳಿ ಇತ್ತು. ಮುಂದೆ ಉಣ್ಣುವ ಬೆಂಚುಗಳು, ಹಿಂದೆ ಒಲೆ, ಅದರ ಹಿಂದೆ ಅವಳ ಮನೆ. ಕಂಪನಿ ಕ್ಯಾಬುಗಳ ಚಾಲಕರೆಲ್ಲ ಅವಳ ಜೋಳದ ರೊಟ್ಟಿಯ ಗಿರಾಕಿಗಳು. ಆ ಜಾಗ ರಸ್ತೆ ಅಗಲೀಕರಣಕ್ಕೆ ಸಿಕ್ಕಿತು. ನೋಟಿಸಿಗೆ ಉತ್ತರ ಬರಲಿಲ್ಲವೆಂದು ಸಂಸ್ಥೆ ಮನೆಸಹಿತ ಎಲ್ಲವನ್ನೂ ಕೆಡವಲು ಹೊರಟಿತ್ತು. ಕೆಡವುವ ದಿನ ಬೆಳಿಗ್ಗೆ ಹೈಕೋರ್ಟಿನಲ್ಲಿ ಶಾಂತವ್ವನ ಪರ ವಕೀಲೆ ಎದ್ದು ನಿಂತು, ಜೆಸಿಬಿ ಆಗಲೇ ಬಾಗಿಲಿಗೆ ಬಂದಿದೆ, ನೋಟಿಸು ಮಾತ್ರ ಆಕೆ ಕಂಡೇ ಇಲ್ಲ ಎಂದರು.

ನನ್ನ ಬಳಿ ಫೋಟೋ ಇತ್ತು. ಶಟರಿನ ಮೇಲೆ ಅಂಟಿಸಿದ ನೋಟಿಸು, ಅಕ್ಷರ ಓದುವಷ್ಟು ಸ್ಪಷ್ಟ. ಧೈರ್ಯದಿಂದಲೇ ಕೊಟ್ಟೆ. ನ್ಯಾಯಮೂರ್ತಿಗಳು ಬಹಳ ಹೊತ್ತು ನೋಡಿದರು.

"ಶಟರು ಮುಚ್ಚಿದಾಗ ಆಕೆ ಎಲ್ಲಿರುತ್ತಾಳೆ?"

"ಒಳಗೆ, ಮೈ ಲಾರ್ಡ್. ಮನೆ ಹಿಂದೆಯೇ ಇದೆ."

"ತೆರೆದಾಗ ನೋಟಿಸು ಎಲ್ಲಿರುತ್ತದೆ?"

ಆಗಲೇ ನನಗೆ ಹೊಳೆಯಿತು. ಶಟರಿನ ಜೊತೆ ಅದೂ ಮೇಲೆ ಸುತ್ತಿಕೊಂಡು ಕೂತಿರುತ್ತದೆ. ಬೆಳಿಗ್ಗೆ ಒಳಗಿನಿಂದ ಎತ್ತುತ್ತಾಳೆ, ರಾತ್ರಿ ಒಳಗಿನಿಂದಲೇ ಎಳೆದುಕೊಳ್ಳುತ್ತಾಳೆ. ಬೀದಿಯಲ್ಲಿ ಹೋಗುವವರೆಲ್ಲ ಓದಬಹುದಾದ ನೋಟಿಸು ಅವಳೊಬ್ಬಳಿಗೆ ಕಾಣದು! ಕೋರ್ಟಿನಲ್ಲಿದ್ದವರು ನಕ್ಕರು, ನ್ಯಾಯಮೂರ್ತಿಗಳು ನಗಲಿಲ್ಲ. ರಸ್ತೆ ಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು, ಕಿತ್ತುಕೊಳ್ಳುವ ಮೊದಲು ಆಕೆಯನ್ನು ಕೇಳಿದಿರಾ ಎಂಬುದನ್ನು ಮಾತ್ರ ನಾನು ನೋಡುತ್ತೇನೆ ಎಂದರು. ನ್ಯಾಯಿಕ ಪರಾಮರ್ಶೆ ಎಂಬ ದೊಡ್ಡ ಹೆಸರಿನ ತಿರುಳು ಇಷ್ಟೇ.

ನಮ್ಮಲ್ಲೊಂದು ರೂಢಿಯಿದೆ. ತಡೆಯಾಜ್ಞೆ ಬರೆಸುವ ಮೊದಲು ನ್ಯಾಯಮೂರ್ತಿಗಳು ಸಂಸ್ಥೆಯ ವಕೀಲನತ್ತ ನೋಡಿ, "ಸ್ಟೇಟ್‌ಮೆಂಟ್ ಕೊಡುತ್ತೀರಾ?" ಎಂದು ಕೇಳುತ್ತಾರೆ. ಆಗ ವಕೀಲ ಬಾಯಿಂದ ಆಡಿದ್ದು ಇಡೀ ಸಂಸ್ಥೆಯನ್ನು ಕಟ್ಟಿಹಾಕುತ್ತದೆ. ಸಾಮಾನ್ಯವಾಗಿ ಮೇಲಧಿಕಾರಿಯನ್ನು ಕೇಳಿಯೇ ಹೇಳುವುದು. ಅಂದು ಅವರ ಫೋನು ಆಫ್. ನ್ಯಾಯಮೂರ್ತಿಗಳು ಕಾಯುತ್ತಿದ್ದರು. "ಆಕೆಯ ಅಹವಾಲು ಕೇಳುವ ತನಕ ಕೆಡವುವುದಿಲ್ಲ" ಎಂದುಬಿಟ್ಟೆ.

ಹೊರಗೆ ಬಂದು ಸ್ಥಳದಲ್ಲಿದ್ದ ಎಂಜಿನಿಯರ್ ಬಿರಾದಾರರಿಗೆ ಫೋನ್ ಮಾಡಿದೆ. ಸೊಲ್ಲಾಪುರದ ಕಡೆಯ ಕನ್ನಡಿಗ ಅವರು. ಫೋನಿನ ತುಂಬ ಜೆಸಿಬಿಯ ಗದ್ದಲ.

"ಬಿರಾದಾರ, ಮಶೀನ್ ನಿಲ್ಲಸ್ರಿ."

"ಸಾಹೇಬ್ರು ಇವತ್ತ ಮುಗಸು ಅಂದಾರ್ರಿ. ಆರ್ಡರ್ ಕಾಪಿ ಎಲ್ಲದ?"

"ಕಾಪಿ ಆಮ್ಯಾಲ ಬರ್ತದ. ನಾ ಕೋರ್ಟಿನ್ಯಾಗ ಮಾತು ಕೊಟ್ಟೀನಿ."

ಮೇಲಿನವರ ಸಿಟ್ಟು ಬೀಳುವುದು ಬಿರಾದಾರರ ನೆತ್ತಿಯ ಮೇಲೆ. ಆದರೂ ಅವರು ಚಾಲಕನಿಗೆ ಮರಾಠಿಯಲ್ಲಿ "ಬಂದ್ ಕರ್ ರೇ" ಎಂದದ್ದು ಕೇಳಿತು. ಎಂಜಿನ್ ಆರಿತು. ಆ ನಿಶ್ಶಬ್ದದಲ್ಲಿ ಪಟಪಟ ಎಂದು ಇನ್ನೇನೋ ಸದ್ದು. ಅದೇನೆಂದು ಕೇಳಿದೆ.

"ಶಾಂತವ್ವ ರೊಟ್ಟಿ ಬಡೀಲಿಕ್ಕತ್ತಾಳ್ರಿ. ಹೊರಗ ಬಾ ಅಂದ್ರ, ಉಂಡ್ ಕೆಡವ್ತೀರೋ ಕೆಡವಿ ಉಣ್ತೀರೋ ಅಂತ ನಮಗ ಕೇಳ್ತಾಳ."

ಪೊಲೀಸ್ ವ್ಯಾನು, ಯಂತ್ರ, ಅಧಿಕಾರ ಎಲ್ಲ ಅಲ್ಲಿ ನಿಂತಿವೆ. ಘಟ್ಟದ ಕೆಳಗೆ ಮುಂಬಯಿಯಲ್ಲಿ ಒಬ್ಬ ಕೋಟುಧಾರಿ ಆಡಿದ ಒಂದು ಮಾತಿಗೆ, ಕಾಗದವೂ ಇಲ್ಲದೆ ಕೈಕಟ್ಟಿ ನಿಂತಿವೆ.

ಮುಂದೆ ಹೊಸ ನೋಟಿಸನ್ನು ಅವಳ ಕೈಗೇ ಕೊಟ್ಟರು. ಅವಳ ಅಹವಾಲು ಕೇಳಿದರು. ರಸ್ತೆಗೆ ಬೆಂಚುಗಳಿದ್ದ ಮುಂಭಾಗ ಸಾಕೆಂದು ತೀರ್ಮಾನವಾಗಿ ಒಲೆ ಮತ್ತು ಮನೆ ಉಳಿದವು.

ಬಹಳ ದಿನಗಳ ಮೇಲೆ ಉಣ್ಣಲು ಹೋಗಿ, ನಾನು ಎದುರು ಪಾರ್ಟಿಯ ವಕೀಲನೆಂದು ಹೇಳಿಕೊಂಡೆ. "ಮೊದಲ ಕೂಡ್ರಿ" ಎಂದು ತಾಟು ಇಟ್ಟಳು. ಮುಂಭಾಗ ಹೋಯಿತಲ್ಲ, ಬೇಸರವಿಲ್ಲವೇ ಎಂದೆ.

"ಜಾಗಾ ಹೋತ್ರಿ," ಎಂದಳು. "ಆದ್ರ ಕೇಳಿ ಒಯ್ದ್ರು."

ಅಧಿಕಾರದಲ್ಲಿರುವವರು ಯಾರಿಗೆ, ಯಾಕೆ ಉತ್ತರ ಹೇಳಬೇಕೆಂದು ಕಿರಿಯ ವಕೀಲರು ಕೇಳಿದಾಗಲೆಲ್ಲ ನಾನು ಅವರಿಗೆ ಆ ಫೋನ್ ಕರೆಯ ಸುದ್ದಿ ಹೇಳುತ್ತೇನೆ: ಎಂಜಿನ್ ಆರಿದ್ದು, ಆಮೇಲೂ ನಿಲ್ಲದೆ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು.