ಮಸೂದೆಯನ್ನು ಕಾಯ್ದೆ ಎಂದವನು

ವಿಧಾನಸಭೆಯಲ್ಲಿ ಮಸೂದೆಯೊಂದು ಕಾಯ್ದೆಯಾಗಲು ಚರ್ಚೆ, ಅಂಗೀಕಾರ, ಅಂಕಿತ, ರಾಜ್ಯಪತ್ರದಲ್ಲಿ ಪ್ರಕಟಣೆ ಎಂದು ಎಷ್ಟೋ ಹೊಸ್ತಿಲು ದಾಟಬೇಕು. ನಮ್ಮ ಬೀದರಿನ ಗಾಂಧಿ ಗಂಜ್ ಪೇಟೆಯ ಚಹಾದಂಗಡಿಯಲ್ಲಾದರೋ ಎರಡನೆಯ ಗುಟುಕಿಗೇ ಅದು ಜಾರಿಗೆ ಬಂದಿರುತ್ತದೆ. ನೀವು ನಗಬಹುದು. ನಾನೂ ನಗುತ್ತಿದ್ದೆ, ಏಕೆಂದರೆ ರಾಜ್ಯಶಾಸ್ತ್ರ ಬೋಧಿಸಿ ನಿವೃತ್ತನಾದ ನನಗೆ ಗಲ್ಲಿಯವರು ‘ಖಾಯ್ದಾ ಸರ್’ ಎಂಬ ಬಿರುದು ದಯಪಾಲಿಸಿದ್ದರು, ಮತ್ತು ಬಿರುದಾಂಕಿತನಿಗೆ ಪುಸ್ತಕ ತೆರೆದು ನೋಡುವುದು ಅವಮಾನವೆನಿಸುತ್ತದೆ.

ಒಂಟಿಗನಾದ ನನಗೆ ಭಾನುವಾರವೆಂದರೆ ಭಾಲ್ಕಿಯ ಗೆಳೆಯ ಶಿವರಾಜ. ಬೆಳಗಿನ ಬಸ್ಸಿಗೆ ಬಂದು ಸಂಜೆಯವರೆಗೂ ವಾದಿಸಿ ಹೋಗುತ್ತಿದ್ದ ಆತ ಹೋದ ವರ್ಷ, ಔರಾದಿನಲ್ಲಿ ಶಿಕ್ಷಕಿಯಾಗಿರುವ ಮಗಳು ಮಹಾದೇವಿ ಭಾಲ್ಕಿಗೆ ವರ್ಗಾವಣೆ ಕೋರಿ ಅರ್ಜಿ ಹಾಕಬೇಕೇ ಎಂದು ಕೇಳಿದ. ಪತ್ರಿಕೆಯ ತುಣುಕೊಂದನ್ನು ಹಿಡಿದು ನಾನು ಗತ್ತಿನಿಂದ ಹೇಳಿದೆ: “ಹೊಸ ಖಾಯ್ದಾ ಬಂದದ. ಸಣ್ಣ ಕೂಸಿನ ತಾಯಂದಿರಿಗಿ ತಾನಾಗೇ ವರ್ಗಾ ಆಗ್ತದ. ಅರ್ಜಿ ಯಾಕ?”

ತುಣುಕಿನಲ್ಲಿದ್ದದ್ದು ಬರಿಯ ಮಸೂದೆ. ಅದಿನ್ನೂ ಸದನವನ್ನು ದಾಟಿರಲಿಲ್ಲ, ಅರ್ಜಿಯ ಅವಧಿ ಮಾತ್ರ ದಾಟಿತು. ಕೂಸನ್ನು ಭಾಲ್ಕಿಯಲ್ಲಿ ಅಜ್ಜಿಯ ಬಳಿ ಬಿಟ್ಟು ಮಹಾದೇವಿ ಔರಾದಿನಲ್ಲೇ ಉಳಿದಳು. ಶಿವರಾಜ ಬರುವುದನ್ನು ನಿಲ್ಲಿಸಿದ. ಜಗಳವಾಡಿದ್ದರೂ ನನಗೆ ಸಮಾಧಾನವಿರುತ್ತಿತ್ತು.

ಸುದ್ದಿಯನ್ನು ಸುಳಿವೆಂದಷ್ಟೇ ಬಗೆದು, ಸದನದ ಜಾಲತಾಣದಲ್ಲಿ ಮೂಲಪಠ್ಯವನ್ನೂ ರಾಜ್ಯಪತ್ರದಲ್ಲಿ ಅದರ ದಿನಾಂಕವನ್ನೂ ನೋಡಿ, ತಿದ್ದುಪಡಿ ಬಂದಿದೆಯೇ ಎಂದು ಮತ್ತೆ ಹುಡುಕುವ ವಿದ್ಯೆಯನ್ನು, ಮಕ್ಕಳಿಗೆ ಕಲಿಸಬೇಕಾದ ವಯಸ್ಸಿನಲ್ಲಿ ಕಲಿಸದ ನಾನು ಮುಪ್ಪಿನಲ್ಲಿ ಕಲಿತೆ. ಖಾಲಿ ಭಾನುವಾರಗಳು ಬೇಕಾದಷ್ಟಿದ್ದವು. ಕೊನೆಗೂ ಆ ಮಸೂದೆ ಕಾಯ್ದೆಯಾಯಿತು, ಅದೂ ಅರ್ಜಿ ಬೇಕೇ ಬೇಕೆಂಬ ಕಲಮಿನೊಂದಿಗೆ. ಮುದ್ರಿಸಿಕೊಂಡು ಔರಾದಿಗೆ ಹೋದೆ.

ಮಹಾದೇವಿ ಹಾಳೆ ತಿರುವಿ ಕೇಳಿದಳು: “ಇದು ಮಸೂದೆ ಏನ್ರಿ ಸರ್, ಕಾಯ್ದೆ ಏನ್ರಿ?”

“ಕಾಯ್ದೆನೇ ಅದವ್ವಾ. ರಾಜ್ಯಪತ್ರ ನೋಡೇ ತಂದೇನಿ.”

“ನಾನೂ ಕಾಯ್ದೆರಿ,” ಎಂದಳು ಆಕೆ, ಸಿಟ್ಟಿಲ್ಲದೆ. “ಒಂದ ವರ್ಷ. ಈಗ ಕೂಸಿಗಿ ನಂದು ಗುರ್ತೇ ಸಿಗವಲ್ದು.”

ಇಷ್ಟೂ ಭಾನುವಾರ ನಿನ್ನಪ್ಪನಿಗಾಗಿ ನಾನೂ ಕಾಯ್ದೆ ಎನ್ನುವ ಮಾತು ಬಾಯಿಗೆ ಬಂದಿತ್ತು. ಆಕೆಯ ಒಂದು ವರ್ಷದ ಪಕ್ಕದಲ್ಲಿ ಅದನ್ನಿಡಲು ನಾಚಿಕೆಯಾಯಿತು. ‘ಅರ್ಜಿ ಸಲ್ಲಿಸತಕ್ಕದ್ದು’ ಎಂಬ ಸಾಲಿನ ಕೆಳಗೆ ಗೆರೆ ಎಳೆದುಕೊಟ್ಟು, ಬೀದರ ಬಸ್ಸು ಹತ್ತಿದೆ.