ಹೆಬ್ಬೆರಳಿಗೆ ಮುಟ್ಟಿಸಿದ ಐಸು

ಮಗಳ ಸೊಂಟದ ಕೀಲು ಹುಟ್ಟಿನಿಂದಲೇ ಜಾರಿತ್ತು. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಗಿಂಡಿ ಬಡಾವಣೆಯ ಹತ್ತಿರದ ಆಸ್ಪತ್ರೆಯೊಂದರಲ್ಲಿ ದೊಡ್ಡ ಆಪರೇಷನ್ನೇ ಆಯಿತು. ಆಮೇಲಿನ ಚೀರಾಟಕ್ಕೆ ನಾನು ಎದೆ ಗಟ್ಟಿ ಮಾಡಿಕೊಂಡು ಕೂತಿದ್ದೆ. ಅವಳು ಚೀರಲೇ ಇಲ್ಲ. ಬೆನ್ನಿಗೆ ನೂಲಿನಂಥ ನಳಿಗೆ ಹಾಕಿ, ಅದರಲ್ಲಿ ನೋವಿನ ಮದ್ದು ಬಿಡುತ್ತಿದ್ದರು. ಎಪಿಡ್ಯೂರಲ್ ಅಂತೆ. ಕಾಲು ಮರಗಟ್ಟಿರುತ್ತದೆ, ಮದ್ದು ಇಳಿಸಿದರೆ ಸರಿಹೋಗುತ್ತದೆ ಎಂದು ಅರಿವಳಿಕೆಯ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಕಿವಿ ಕೇಳಿತ್ತು, ಮನಸ್ಸು ಕೇಳಬೇಕಲ್ಲ!

ಮದ್ದು ಸಾಕೋ ಬೇಕೋ ಎಂದು ತಿಳಿಯಲು ಡಾಕ್ಟರಮ್ಮ ಆಗಾಗ ಒಂದು ಬಟ್ಟಲಲ್ಲಿ ಐಸು ತರುತ್ತಿದ್ದರು. ಪ್ಲಾಸ್ಟರಿನಿಂದ ಇಣುಕುತ್ತಿದ್ದ ಕಾಲಿನ ಹೆಬ್ಬೆರಳಿಗೆ ಮುಟ್ಟಿಸಿ, "ಜಿಲ್ಲುನ್ನು ಇರುಕ್ಕಾ?" ಎಂದು ತಮಿಳಿನಲ್ಲಿ ಕೇಳುವುದು. ತಣ್ಣಗಿದೆ ಎಂದರೆ ಮದ್ದು ಸಾಲುತ್ತಿಲ್ಲ ಎಂದರ್ಥ. ಮೊದಲ ಸಲ ಮಗಳು, "ಇಲ್ಲೈ" ಎಂದಳು. ಆ ಕಾಲು ಇನ್ನು ಕೈಬಿಟ್ಟು ಹೋಯಿತೇನೋ ಅನ್ನಿಸಿ ನನ್ನ ಮುಖ ಕಪ್ಪಿಟ್ಟು ಕಣ್ಣು ತುಂಬಿರಬೇಕು. ಮಗಳು ನನ್ನನ್ನೇ ನೋಡುತ್ತಿದ್ದಳು.

ಸಂಜೆ ಕೇಳಿದಾಗ, "ಜಿಲ್ಲುನ್ನು ಇರುಕ್ಕು" ಎಂದುಬಿಟ್ಟಳು. ನನಗೆ ಹೋದ ಜೀವ ಬಂದಂತಾಯಿತು. ಮದ್ದು ಹೆಚ್ಚಿಸಲು ಹೊರಟ ಡಾಕ್ಟರಮ್ಮನಿಗೆ ಏನು ಅನುಮಾನ ಬಂತೋ, ಮಗಳಿಗೆ ಕಣ್ಣು ಮುಚ್ಚಲು ಹೇಳಿ ಇನ್ನೊಮ್ಮೆ ಕೇಳಿದರು.

"ಜಿಲ್ಲುನ್ನು ಇರುಕ್ಕು!"

ಐಸು ಬಟ್ಟಲಲ್ಲೇ ಇತ್ತು.

"ಯಾಕೇ ಸುಳ್ಳು ಹೇಳ್ದೆ?" ಎಂದು ರೇಗಿದೆ. ನನ್ನ ಮೂಗಿನ ತುದಿಯ ಕೋಪ ಆಸ್ಪತ್ರೆಯಲ್ಲೂ ಬಿಡಲಿಲ್ಲ.

"ಇಲ್ಲೈ ಅಂದ್ರೆ ನೀನು ಅಳ್ತೀಯಲ್ಲಮ್ಮ."

ನೋವು ಅವಳದು, ಸಮಾಧಾನ ನನಗೆ! ಡಾಕ್ಟರಮ್ಮ ನನ್ನ ತೋಳು ಹಿಡಿದು, "ನೀಂಗ ಇಂಗೆ ನಿಲ್ಲುಂಗಮ್ಮಾ" ಎಂದು ಮಂಚದ ತಲೆಯ ಹಿಂದೆ, ಮಗಳ ಕಣ್ಣಿಗೆ ಬೀಳದ ಹಾಗೆ ನಿಲ್ಲಿಸಿದರು. ಐಸು ಬಂದಾಗಲೆಲ್ಲ ಅದೇ ನನ್ನ ಜಾಗವಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಮ್ಯಾನೇಜರನ್ನೇ ಗದರುತ್ತಿದ್ದವಳು ಅಲ್ಲಿ ಗೋಡೆಗೊರಗಿ, ಶಿಕ್ಷೆಗೆ ನಿಲ್ಲಿಸಿದ ಹುಡುಗಿಯ ಹಾಗೆ ನಿಲ್ಲುತ್ತಿದ್ದೆ. ಅವಳು ಧೈರ್ಯವಾಗಿ, "ಇಲ್ಲೈ, ಇಲ್ಲೈ" ಎನ್ನುತ್ತಿದ್ದಳು.

ಮದ್ದು ಇಳಿಸಿದ ಮೇಲೆ ಒಂದು ಬೆಳಿಗ್ಗೆ ಮತ್ತೆ ಐಸು ಬಂತು. ಮಗಳು, "ಜಿಲ್ಲುನ್ನು ಇರುಕ್ಕು" ಎಂದಳು. ಹೆಬ್ಬೆರಳೂ ಚಕ್ಕನೆ ಮುದುಡಿತು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ, ಸದ್ದು ಬರಲಿಲ್ಲ. ಆದರೂ ಅವಳ ಕೈ ದಿಂಬಿನ ಮೇಲಿಂದ ಹಿಂದಕ್ಕೆ ಚಾಚಿ ತಡಕಾಡಿತು. ನಾನು ಬಗ್ಗಿದೆ. ಬೆರಳುಗಳು ನನ್ನ ಕೆನ್ನೆಯ ಮೇಲೆ ಓಡಾಡಿ, ಒದ್ದೆ ಸಿಕ್ಕಿದಲ್ಲಿ ನಿಂತವು.

"ಅಳ್ಬೇಡಮ್ಮ," ಎಂದಳು, "ಈ ಸಲ ಸುಳ್ಳಲ್ಲ."