ಕೆಳಮನೆ ಪಿಳ್ಳಪ್ಪನವರ ಕಿವಿ

ಯಲಹಂಕ ಹಳೇಪೇಟೆಯ ಮನೆ ಮಾಲೀಕ ಪಿಳ್ಳಪ್ಪನವರು ಕೂತಲ್ಲಿ ಕೂರುವವರಲ್ಲ. ಮಹಡಿಯಲ್ಲಿ ಬಾಡಿಗೆಗಿರುವ ಅಸ್ಮಾ ಕುಟ್ಟಾಣಿಯಲ್ಲಿ ಶುಂಠಿ ಬೆಳ್ಳುಳ್ಳಿ ಕುಟ್ಟಿದರೆ ಸಾಕು, ಪಂಚೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತುತ್ತಾರೆ. "ಶಬ್ದ ಅಂದ್ರೆ ನಡುಕ ಕಣಮ್ಮ. ಗಾಳೀಲಿ ಬಂದಿದ್ದು ಗಾಳೀಲೇ ಕರಗ್ತದೆ, ಗೋಡೇಲಿ ಇಳಿದಿದ್ದು ನೆಟ್ಟಗೆ ನನ್ನ ಬುರುಡೆಗೇ ಬರ್ತದೆ" ಎಂದು ಪಾಠ ಒಪ್ಪಿಸಿ, ಅವಳು "ಆಯ್ತು ಅಂಕಲ್" ಎನ್ನುವಷ್ಟರಲ್ಲಿ ಕೆಳಗಿರುತ್ತಾರೆ. ವಿಮಾನ ಗುಡುಗಿದರೆ ಆಕಾಶವನ್ನೇ ಗದರುತ್ತಾರೆ. ಗೂಡ್ಸ್ ರೈಲು ಹೋದರೆ ಕಿಟಕಿಯ ಸರಳು ಹಿಡಿದು ಅದರ ನಡುಕ ನಿಲ್ಲುವವರೆಗೂ ಗೊಣಗುತ್ತಾರೆ. ಆದರೆ ಈಚೆಗೆ ಕುಕ್ಕರಿನ ಸೀಟಿ, ಬಾಗಿಲ ಬೆಲ್ಲು, ಹೆಂಡತಿ ಗೋಪಾಲಮ್ಮನ ಸಣ್ಣ ದನಿ ಯಾವುದೂ ಅವರನ್ನು ಮುಟ್ಟುತ್ತಿಲ್ಲ. ವಯಸ್ಸಾದ ಕಿವಿ ಮೊದಲು ಬಿಟ್ಟುಕೊಡುವುದು ಇಂಥ ತೆಳು ಶಬ್ದಗಳನ್ನೇ. ಆಕೆ ಏನು ಹೇಳಿದರೂ "ಹೂಂ" ಎಂದು, ಕಂಬಕ್ಕೆ ತಲೆಯಾನಿಸಿ, ಮಹಡಿಯಿಂದ ಇಳಿದು ಬರುವ ಸದ್ದಿಗೆ ಕಾಯುತ್ತಾರೆ. ಮೊನ್ನೆ ಅಸ್ಮಾ ಚಿಕ್ಕಬಾಣಾವರದ ತವರಿಗೆ ಹೋಗಿ ಸಂಜೆ ಬಂದಾಗ ಅವರು ಮೆಟ್ಟಿಲ ಮೇಲೇ ಕೂತಿದ್ದರು. "ಇವತ್ತು ಕುಟ್ಟಲೇ ಇಲ್ವಲ್ಲಮ್ಮ" ಎಂದರು, ಗದರದೆ. ಅಸ್ಮಾ ಚಪ್ಪಲಿ ಬಿಟ್ಟವಳೇ ಕುಟ್ಟಾಣಿ ತೆಗೆದು, ಒಳಗೆ ಏನೂ ಹಾಕದೆ, ಕುಟ್ಟತೊಡಗಿದಳು.